ಗುಡಿ ಕಲ್ಲಿಗೆ ಏಟಾಗದಂಗೆ ವೀಲ್‌ಚೇರ್ ಒಳಗೆ ಹೋಗ್ಬಹುದಾ?

ಪ್ರಶ್ನೆ: ನಮ್ದು ಬೇಲೂರು ಕಡೆ ಒಂದು ಹಳ್ಳಿ, ನಾನು ಚಿಕ್ಕಮಗಳೂರಲ್ಲಿ ಕೆಲಸದಲ್ಲಿದೀನಿ. ಅಪ್ಪಂಗೆ ಎರಡು ವರ್ಷದ ಹಿಂದೆ ಸ್ಟ್ರೋಕ್ ಆಯ್ತು, ಈಗ ಓಡಾಟ ಎಲ್ಲಾ ವೀಲ್‌ಚೇರಲ್ಲೇ. ನಮ್ಮೂರಲ್ಲಿ ಹೊಯ್ಸಳರ ಕಾಲದ್ದು ಅಂತ ಹೇಳೋ ಈಶ್ವರನ ಗುಡಿ ಇದೆ, ಅಪ್ಪ ಹತ್ತಿರ ಹತ್ತಿರ ಮೂವತ್ತು ವರ್ಷ ಅಲ್ಲಿ ಉತ್ಸವದ ಅಡ್ಡೆ ಹೊತ್ತವ್ರು. ಈಗ ಜೀರ್ಣೋದ್ಧಾರ ಕಮಿಟಿ ಆಗಿದೆ, ನೆಲಕ್ಕೆ ಗ್ರಾನೈಟ್ ಹಾಕ್ಸೋ ಮಾತು ನಡೀತಿದೆ. ಜೊತೆಗೊಂದು ರ‍್ಯಾಂಪ್ ಮಾಡ್ಸಿ ಅಂದ್ರೆ "ಹಳೇ ದೇವಸ್ಥಾನದ ಅಂದ ಕೆಡುತ್ತೆ, ನಿಮ್ಮಪ್ಪನ್ನ ನಾಲ್ಕು ಹುಡುಗ್ರು ಎತ್ಕೊಂಡು ಬರ್ತಾರೆ ಬಿಡಿ" ಅಂತಾರೆ. ರ‍್ಯಾಂಪ್ ಹಾಕಿದ್ರೆ ನಿಜವಾಗ್ಲೂ ಗುಡಿ ಹಾಳಾಗುತ್ತಾ? ಕಾನೂನಲ್ಲಿ ಏನಿದೆ? ಅಪ್ಪನ್ನ ಬೇಲೂರು, ಹಳೇಬೀಡಿಗೂ ಕರ್ಕೊಂಡು ಹೋಗೋ ಆಸೆ ಇದೆ, ಹೆಂಗೆ ಹೋಗೋದು?

ಉತ್ತರ: ನಿಮ್ಮ ಪತ್ರ ಓದಿ ಮೊದಲು ಕಣ್ಣಿಗೆ ಬಿದ್ದಿದ್ದು ರ‍್ಯಾಂಪ್ ಅಲ್ಲ, ಗ್ರಾನೈಟ್. ಅದಕ್ಕೆ ಅಲ್ಲಿಂದಾನೇ ಶುರು ಮಾಡ್ತೀನಿ. ನಾನು ಹಾಸನದಲ್ಲಿದ್ದು ಹಳೇ ಕಟ್ಟಡಗಳ ದುರಸ್ತಿ ಕೆಲಸ ಮಾಡೋ ಆರ್ಕಿಟೆಕ್ಟ್, ಈ ಜಿಲ್ಲೇಲಿ ಎಷ್ಟೋ ಗುಡಿ ಕಮಿಟಿಗಳ ಜೊತೆ ಕೂತು ಮಾತಾಡಿದೀನಿ, ಎಲ್ಲಾ ಕಡೆ ಒಂದೇ ಕತೆ. ನೆಲಕ್ಕೆ ಪಾಲಿಶ್ ಗ್ರಾನೈಟ್, ಕಂಬಕ್ಕೆ ಆಯಿಲ್ ಪೇಂಟ್, ಮುಖಮಂಟಪಕ್ಕೆ ಕಬ್ಬಿಣದ ಗ್ರಿಲ್, ಮೇಲೆ ತಗಡಿನ ಶೀಟು, ಇದೆಲ್ಲಾ ಆಗುವಾಗ ಯಾರೂ ಅಂದದ ಮಾತೆತ್ತಲ್ಲ, ಗಾಲಿ ಹೋಗೋಕೆ ಒಂದು ಹಾದಿ ಕೇಳಿದ ತಕ್ಷಣ ಎಲ್ರಿಗೂ ಪರಂಪರೆ ನೆನಪಾಗುತ್ತೆ. ಇದು ನಂಗೆ ತುಂಬಾ ನೋವು ಕೊಡೋ ವಿಷ್ಯ. ಯಾಕಂದ್ರೆ ಸರಿಯಾಗಿ ಮಾಡಿದ ರ‍್ಯಾಂಪ್‌ನ ನಾಳೆ ಬೆಳಿಗ್ಗೆ ಬಿಚ್ಚಿ ಎತ್ತಿಡಬಹುದು, ಗುಡೀಗೆ ಒಂದು ಗೀರೂ ಬಿದ್ದಿರಲ್ಲ. ಗ್ರಾನೈಟ್ ಹಂಗಲ್ಲ.

ಗ್ರಾನೈಟ್ ಹಾಕೋಕೆ ಕೆಳಗೆ ಸಿಮೆಂಟ್ ಹಾಸ್ತಾರೆ. ಸಿಮೆಂಟಲ್ಲಿರೋ ಉಪ್ಪು, ನೆಲದ ಕೆಳಗಿನ ತೇವ ಎರಡೂ ಹೊರಗೆ ಬರೋಕೆ ದಾರಿ ಹುಡುಕ್ತವೆ, ಮೇಲೆ ಪಾಲಿಶ್ ಕಲ್ಲು ಮುಚ್ಚಿರೋದ್ರಿಂದ ಪಕ್ಕದ ಗೋಡೆ ಮತ್ತೆ ಕಂಬದ ಬುಡಕ್ಕೆ ಹತ್ತುತ್ತವೆ, ಕೆಲವು ವರ್ಷದಲ್ಲಿ ಬುಡದ ಕೆತ್ತನೆ ಪುಡಿಪುಡಿಯಾಗಿ ಉದುರೋಕೆ ಶುರುವಾಗುತ್ತೆ. ಜೊತೆಗೆ ನೆಲ ಎರಡು ಮೂರು ಇಂಚು ಮೇಲೆ ಬರುತ್ತೆ, ಕಂಬದ ಪೀಠ ಹೂತು ಹೋಗುತ್ತೆ, ಅಭಿಷೇಕದ ನೀರು ಹರಿಯೋ ಓಟ ತಪ್ಪುತ್ತೆ. ಇನ್ನೊಂದು ಮಾತು, ಇದು ನಿಮ್ಮಪ್ಪಂಗೆ ನೇರವಾಗಿ ಸಂಬಂಧಪಟ್ಟಿದ್ದು: ಪಾಲಿಶ್ ಗ್ರಾನೈಟ್ ಮೇಲೆ ಎಣ್ಣೆ, ನೀರು, ಕುಂಕುಮ ಬಿದ್ರೆ ಕೋಲು ಹಿಡಿದು ನಡೆಯೋರು, ವಾಕರ್ ಇಟ್ಕೊಂಡಿರೋರು, ಬಸುರಿ ಹೆಂಗಸ್ರು ಎಲ್ರೂ ಜಾರ್ತಾರೆ. ಹಳೇ ಒರಟು ಚಪ್ಪಡೀನೇ ಕಾಲಿಗೂ ಕೋಲಿಗೂ ವಾಸಿ. ಚಪ್ಪಡಿ ಕುಸಿದಿದ್ರೆ ಎತ್ತಿ, ಕೆಳಗೆ ಮರಳು ಸುಣ್ಣದ ಹಾಸು ಸರಿ ಮಾಡಿ, ಅದೇ ಕಲ್ಲನ್ನ ಅದೇ ಜಾಗಕ್ಕೆ ಕೂರಿಸಿ ಸಂದಿಗೆ ಸುಣ್ಣದ ಗಾರೆ ತುಂಬಿ. ಇದಕ್ಕೆ ಗ್ರಾನೈಟ್‌ಗಿಂತ ಕಮ್ಮೀನೇ ಖರ್ಚು ಬೀಳೋದು, ಗಾಲೀನೂ ಸಲೀಸಾಗಿ ಉರುಳುತ್ತೆ.

ಈಗ "ನಾಲ್ಕು ಹುಡುಗ್ರು ಎತ್ಕೊಂಡು ಬರ್ತಾರೆ" ಅನ್ನೋ ಮಾತಿಗೆ ಬರ್ತೀನಿ. ನನ್ನ ಕಾಲೇಜು ಗೆಳೆಯ ಒಬ್ಬನಿಗೆ ಬೈಕ್ ಆಕ್ಸಿಡೆಂಟಲ್ಲಿ ಬೆನ್ನುಮೂಳೆಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯ್ತು. ಅವನ ಮನೆಯವರ ಜೊತೆ ಒಂದು ಹಳೇ ದೇವಸ್ಥಾನಕ್ಕೆ ಹೋಗಿದ್ವಿ, ಹನ್ನೊಂದು ಮೆಟ್ಟಿಲು, ಅಲ್ಲಿದ್ದ ಹುಡುಗ್ರು ಪಾಪ ಒಳ್ಳೇ ಮನಸ್ಸಿಂದಾನೇ ಓಡಿ ಬಂದು ನಾಲ್ಕೂ ಕಡೆ ಹಿಡಿದು ಕುರ್ಚಿ ಸಮೇತ ಎತ್ತಿದ್ರು. ಐದನೇ ಮೆಟ್ಟಿಲಲ್ಲಿ ಒಬ್ಬನ ಕೈ ಸರಿದು ಕುರ್ಚಿ ಒಂದು ಕಡೆ ವಾಲಿತು. ಬೀಳಲಿಲ್ಲ. ಆದ್ರೆ ನಾನು ಅವನ ಕೈ ನೋಡ್ತಿದ್ದೆ, ಆರ್ಮ್‌ರೆಸ್ಟ್ ಹಿಡಿದಿದ್ದ ಬೆರಳಿನ ಗೆಣ್ಣೆಲ್ಲಾ ಬೆಳ್ಳಗಾಗಿತ್ತು. ಜಾರಿದ್ದ ಪಂಚೇನ ಸರಿ ಮಾಡ್ಕೊಳ್ಳೋಕೂ ಕೈ ಬಿಡೋ ಹಂಗಿರಲಿಲ್ಲ ಅವನಿಗೆ. ಸುತ್ತ ಇದ್ದೋರೆಲ್ಲಾ ಮೇಲೆತ್ತೋದನ್ನೇ ನೋಡ್ತಾ ನಿಂತಿದ್ರು. ವಾಪಸ್ ಬರ್ತಾ ಕಾರಲ್ಲಿ ಅವನು ಹೇಳಿದ್ದು ಒಂದೇ ಮಾತು, "ದೇವ್ರ ಮುಖ ನೋಡಿದ್ದು ನೆನಪಿಲ್ಲ ಕಣೋ, ಇಳಿಯೋದು ಹೆಂಗೆ ಅಂತಾನೇ ಯೋಚ್ನೆ ಇತ್ತು." ಆಮೇಲೆ ಅವನು ಯಾವ ಗುಡಿಗೂ ಬರಲಿಲ್ಲ. ಹಬ್ಬಕ್ಕೆ ಮನೆಯವರೆಲ್ಲಾ ಹೊರಟಾಗ ನಾನು ಮನೇಲಿರ್ತೀನಿ ಅಂತಾನೆ.

ಎತ್ತೋ ಹುಡುಗರ ಮನಸ್ಸಿನ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆದ್ರೆ ಎತ್ತಿಸ್ಕೊಂಡು ಹೋಗೋದು ಅಂದ್ರೆ ಯಾವಾಗ ಹೋಗ್ಬೇಕು, ಎಷ್ಟೊತ್ತು ಕೂರ್ಬೇಕು, ಯಾವಾಗ ವಾಪಸ್ ಬರ್ಬೇಕು ಅನ್ನೋದೆಲ್ಲಾ ಬೇರೆಯವರ ಕೈಲಿರುತ್ತೆ. ನಿಮ್ಮಪ್ಪ ಮೂವತ್ತು ವರ್ಷ ದೇವ್ರನ್ನ ಹೆಗಲ ಮೇಲೆ ಹೊತ್ತವ್ರು, ಸಂಜೆ ಐದು ಗಂಟೆಗೆ ಯಾರನ್ನೂ ಕೇಳದೆ ಗುಡಿಗೆ ಹೋಗಿ ಕೂರ್ಬೇಕು ಅನ್ಸಿದ್ರೆ ಹೋಗೋಕಾಗ್ಬೇಕು. ಕಮಿಟಿ ಮುಂದೆ ಇದನ್ನ ಹಿಂಗೇ ಹೇಳಿ.

ಇನ್ನು ಹಳೇ ಕಟ್ಟಡಕ್ಕೆ ಹೊಸದು ಸೇರಿಸಬಾರದು ಅನ್ನೋರಿಗೆ ಬೇಲೂರನ್ನೇ ತೋರ್ಸಿ. ಚೆನ್ನಕೇಶವನ ಗುಡಿ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆ ಆಗಿದ್ದು. ಆಗ ಮುಂದಿನ ಮಂಟಪ ಸುತ್ತ ತೆರೆದೇ ಇತ್ತು, ನಾವೀಗ ನಿಂತು ಫೋಟೋ ತೆಗೆಯೋ ಜಾಲಂಧ್ರ, ಅಂದ್ರೆ ತೂತು ತೂತಿನ ಕಲ್ಲಿನ ಪರದೆ, ಅದು ಎರಡನೇ ಬಲ್ಲಾಳನ ಕಾಲದಲ್ಲಿ ಸೇರಿದ್ದು. ಎದುರಿಗೆ ಕಾಣೋ ಗೋಪುರ ಇನ್ನೂ ಆಚೆಯದು, 1397ರಲ್ಲಿ ವಿಜಯನಗರದವರ ಕಾಲದಲ್ಲಿ ಗುಂಡ ದಂಡನಾಯಕ ಮತ್ತೆ ಕಟ್ಟಿಸಿದ್ದು. ಅಂದ್ರೆ ಆ ಗುಡಿ ಒಂದೇ ದಿನಕ್ಕೆ ನಿಂತು ಹೋಗಿಲ್ಲ, ಜನ ಬಳಸಿದಂಗೆಲ್ಲಾ ಅದಕ್ಕೆ ಬೇಕಾದ್ದು ಸೇರ್ತಾ ಬಂತು. ಹಂಗಂತ ನಾವೂ ಮನಸ್ಸಿಗೆ ಬಂದಂಗೆ ಕಟ್ಟಬಹುದು ಅಂತಲ್ಲ. ನಾವು ಏನು ಸೇರ್ಸಿದ್ರೂ ಅದನ್ನ ಮುಂದಿನವರು ಕಲ್ಲಿಗೆ ಪೆಟ್ಟಾಗದೆ ತೆಗೆಯೋ ಹಂಗಿರ್ಬೇಕು, ಹಳೇ ಕಟ್ಟಡದ ಕೆಲಸ ಮಾಡೋರೆಲ್ಲಾ ಮೊದಲು ಕಲಿಯೋ ಪಾಠ ಇದು.

ಸರಿ, ರ‍್ಯಾಂಪ್ ಹೆಂಗಿರ್ಬೇಕು. ಮೊದಲು ಅಳತೆ. ಒಂದಕ್ಕೆ ಹನ್ನೆರಡು ಅನ್ನೋದನ್ನ ನೆನಪಿಟ್ಕೊಳ್ಳಿ, ಅಂದ್ರೆ ಒಂದು ಅಡಿ ಏರಬೇಕಾದ್ರೆ ಕಮ್ಮಿ ಅಂದ್ರೂ 12 ಅಡಿ ಉದ್ದದ ಇಳಿಜಾರು ಬೇಕು. ನಿಮ್ಮೂರ ಗುಡಿ ಜಗತಿ, ಅಂದ್ರೆ ಗುಡಿ ನಿಂತಿರೋ ಎತ್ತರದ ಕಲ್ಲಿನ ಕಟ್ಟೆ, ಮೂರಡಿ ಇದೆ ಅಂತ ಇಟ್ಕೊಂಡ್ರೆ 36 ಅಡಿ ಆಯ್ತು, ಮಧ್ಯ ಒಂದು ಸಮತಟ್ಟಾದ ಲ್ಯಾಂಡಿಂಗ್, ಮೇಲೆ ಒಂದು, ಕೆಳಗೆ ಒಂದು. ಜಾಗ ಇದ್ರೆ ಒಂದಕ್ಕೆ ಹದಿನೈದು ಮಾಡಿ, ತಳ್ಳೋರ ರಟ್ಟೆಗೂ ಸುಖ, ತಾವೇ ಗಾಲಿ ತಿರುಗಿಸ್ಕೊಂಡು ಹೋಗೋರಿಗಂತೂ ಅದೇ ಬೇಕು. ನಮ್ಮ ಎಷ್ಟೋ ಬ್ಯಾಂಕು, ಆಫೀಸು, ಆಸ್ಪತ್ರೆ ಮುಂದೆ ಕಾಣೋದು ಒಂದಕ್ಕೆ ನಾಲ್ಕು, ಒಂದಕ್ಕೆ ಐದು, ಅದು ಸ್ಕೂಟರ್ ಹತ್ತಿಸೋಕೆ ಸರಿ, ಮನುಷ್ಯರು ಕೂತ ಕುರ್ಚಿ ಹಿಂದಕ್ಕೆ ಮಗುಚುತ್ತೆ. ಅಗಲ ಕಮ್ಮಿ ಅಂದ್ರೆ ನಾಲ್ಕು ಅಡಿ ಇರ್ಲಿ, ಕುರ್ಚಿ ತಿರುಗಿಸೋ ಕಡೆ ಐದಡಿ ಚೌಕ ಬೇಕು. ಎರಡೂ ಕಡೆ ಹಿಡಿ, ಅಂದ್ರೆ ಕೈಲಿ ಹಿಡ್ಕೊಳ್ಳೋ ಕಂಬಿ, ಮೂರಡಿ ಎತ್ತರಕ್ಕೊಂದು, ಕೆಳಗೆ ಮಕ್ಕಳಿಗೆ ಮತ್ತೆ ಗಿಡ್ಡ ಇರೋರಿಗೆ ಇನ್ನೊಂದು. ಅಂಚಲ್ಲಿ ಗಾಲಿ ಆಚೆ ಜಾರದಂಗೆ ಒಂದು ಸಣ್ಣ ಕಟ್ಟೆ. ಸ್ಟ್ರೋಕ್ ಆದ ಎಷ್ಟೋ ಜನಕ್ಕೆ ಒಂದೇ ಕೈ ಸರಿಯಾಗಿ ಕೆಲಸ ಮಾಡುತ್ತೆ, ಹತ್ತುವಾಗ ಹಿಡಿದ ಹಿಡಿ ಇಳಿಯುವಾಗ ಆ ಕಡೆ ಆಗ್ಬಿಡುತ್ತೆ, ಅದಕ್ಕೇ ಎರಡೂ ಕಡೆ ಬೇಕು ಅನ್ನೋದು. ಒಂದು ಕಡೆ ಹಾಕಿ ಕೈ ತೊಳ್ಕೊಳ್ಳೋ ಕಂಟ್ರಾಕ್ಟರ್‌ಗೆ ಬಿಡಬೇಡಿ.

ಇದನ್ನ ಕಾಂಕ್ರೀಟಲ್ಲಿ ಮಾಡಲೇಬೇಡಿ. ಕಬ್ಬಿಣದ ಸ್ಟ್ಯಾಂಡು, ಗ್ಯಾಲ್ವನೈಸ್ ಮಾಡ್ಸಿದ್ದು, ಮೇಲೆ ಮರದ ಹಲಗೆ, ತನ್ನ ಭಾರದ ಮೇಲೆ ತಾನೇ ನಿಲ್ಲೋ ಹಂಗೆ. ಜಗತಿ ಕಲ್ಲಿಗೆ ಒಂದು ಬೋಲ್ಟೂ ಹೊಡೆಯೋ ಹಂಗಿಲ್ಲ, ಕಲ್ಲಿಗೆ ತಾಗೋ ಕಡೆಯೆಲ್ಲಾ ದಪ್ಪ ರಬ್ಬರ್ ಪ್ಯಾಡ್. ನಮ್ಮ ಹೊಯ್ಸಳ ಗುಡಿಗಳದ್ದು ಬಳಪದ ಕಲ್ಲು, ಉಗುರಲ್ಲಿ ಗೀರಿದ್ರೂ ಗುರುತು ಬೀಳುವಷ್ಟು ಮೆತ್ತಗಿರುತ್ತೆ ಕೆಲವು ಕಡೆ, ಅದಕ್ಕೇ ಅಷ್ಟು ಸಣ್ಣ ಕುಸುರಿ ಅವರಿಗೆ ಸಾಧ್ಯ ಆಗಿದ್ದು, ಅದಕ್ಕೇ ಡ್ರಿಲ್ಲಿಂಗ್ ಮಷೀನ್ ಹತ್ತಿರ ಬರಬಾರದು. ಹಲಗೆ ಮಧ್ಯ ಬೆರಳು ಹೋಗದಷ್ಟು ಸಣ್ಣ ಸಂದಿ ಬಿಡಿ, ಮಳೆ ನೀರು ಇಳೀಲಿ. ನಿಮ್ಮ ಕಡೆ ಮಳೆ ಶುರುವಾದ್ರೆ ವಾರಗಟ್ಟಲೆ ಬಿಡಲ್ಲ, ಹಲಗೆ ಮೇಲೆ ಪಾಚಿ ಕಟ್ಟುತ್ತೆ, ತಿಂಗಳಿಗೊಂದ್ಸಲ ತೆಂಗಿನ ನಾರಿನ ಬ್ರಷ್ ಹಾಕಿ ಉಜ್ಜೋ ಕೆಲಸ ಯಾರದ್ದು ಅಂತ ಈಗ್ಲೇ ಹೆಸರು ಬರೆದಿಡಿ. ನಾನು ನೋಡಿದ ರ‍್ಯಾಂಪ್‌ಗಳಲ್ಲಿ ಅರ್ಧಕ್ಕರ್ಧ ಕೆಟ್ಟಿದ್ದು ಕಟ್ಟಿದ್ದು ಸರಿಯಿಲ್ಲದೆ ಅಲ್ಲ, ನೋಡ್ಕೊಳ್ಳೋರಿಲ್ಲದೆ. ಒಂದು ಕಡೆಯಂತೂ ಶಾಮಿಯಾನದ ಕಂಬ, ಪಾತ್ರೆ ಎಲ್ಲಾ ರ‍್ಯಾಂಪ್ ಮೇಲೇ ಜೋಡಿಸಿಟ್ಟಿದ್ರು.

ರ‍್ಯಾಂಪ್ ಎಲ್ಲಿಡೋದು ಅನ್ನೋದು ಅಳತೆಗಿಂತ ದೊಡ್ಡ ವಿಷ್ಯ. ಹಿಂದೆ ಕಸ ಹಾಕೋ ಕಡೆ ಬಾಗಿಲಿದೆ ಅಂತ ಅಲ್ಲಿಗೆ ಇಡಬೇಡಿ. ಎದುರಿನ ಮೆಟ್ಟಿಲ ಪಕ್ಕದ ಕೆತ್ತನೆ ಮುಚ್ಚೋ ಹಂಗೂ ಬೇಡ. ಎದುರಿಗೆ ಬಂದೋರಿಗೆ ಕಾಣೋ ಹಂಗೆ, ಎಲ್ರೂ ಚಪ್ಪಲಿ ಬಿಡೋ ಜಾಗದಿಂದಾನೇ ಶುರುವಾಗಿ, ಪಕ್ಕದಿಂದ ಸುತ್ತಿ ಜಗತಿಗೆ ಸೇರೋ ಹಂಗಿದ್ರೆ ಅಜ್ಜೀನೂ ಅದೇ ದಾರೀಲಿ ಬರ್ತಾರೆ, ಮಗು ಎತ್ಕೊಂಡ ತಾಯೀನೂ ಬರ್ತಾರೆ, ಅಡುಗೆಯವರು ಪ್ರಸಾದದ ಕೊಳಗಾನೂ ಅದ್ರಲ್ಲೇ ತಳ್ಕೊಂಡು ಬರ್ತಾರೆ.

ಆಮೇಲೆ ಹೊಸ್ತಿಲು. ಎಷ್ಟೋ ಕಡೆ ರ‍್ಯಾಂಪ್ ಆದ್ಮೇಲೂ ಜನ ಹೊಸ್ತಿಲಲ್ಲಿ ನಿಂತು ಬಿಡ್ತಾರೆ. ಕಮಿಟೀಲಿ ಯಾರಾದ್ರೂ ಕಡಿದು ಹಾಕೋಣ ಅಂದ್ರೆ ದಯವಿಟ್ಟು ತಡೀರಿ, ಹಳೇ ಬಾಗಿಲವಾಡ ನಾಲ್ಕೂ ಕಡೆ ಸೇರಿ ಭಾರ ಹೊರೋದು, ಕೆಳಗಿನ ಕಲ್ಲು ಕಡಿದ್ರೆ ಮೇಲಿನದಕ್ಕೆ ಬಿರುಕು ಬರಬಹುದು. ಬದಲಿಗೆ ಎರಡೂ ಕಡೆ ಇಳಿಜಾರಿರೋ ಒಂದು ಸಣ್ಣ ಮರದ ಸೇತುವೆ ಮಾಡ್ಸಿ, ಹೊಸ್ತಿಲ ಮೇಲೆ ಕೂರದೆ ಅದನ್ನ ದಾಟಿ ಆಚೆ ಈಚೆ ನೆಲದ ಮೇಲೆ ನಿಲ್ಲೋ ಅಂಥದ್ದು. ಒಬ್ಬ ಬಡಗಿ ಒಂದು ದಿನದಲ್ಲಿ ಮಾಡ್ತಾನೆ. ಇದರಲ್ಲಿ ಇನ್ನೊಂದು ಅನುಕೂಲ ಇದೆ, ಹೊಸ್ತಿಲು ತುಳೀಬಾರದು ಅನ್ನೋದು ನಮ್ಮಲ್ಲಿ ಇದ್ದೇ ಇದೆ, ಅರಿಶಿನ ಕುಂಕುಮ ಹಚ್ಚಿರ್ತೀವಿ, ಸೇತುವೆ ಹಾಕಿದ್ರೆ ಗಾಲಿ ಹೊಸ್ತಿಲಿಗೆ ತಾಗೋದೇ ಇಲ್ಲ. ಒಂದೂರಲ್ಲಿ ಮೊದಲು ಒಪ್ಪದೆ ಇದ್ದ ಅರ್ಚಕರು ಈ ಸೇತುವೆ ನೋಡಿದ್ಮೇಲೆ ತಾವೇ ಬೆಳಿಗ್ಗೆ ತೆಗೆದಿಡೋದು, ಬೇಕಾದಾಗ ಹಾಕೋದು ಮಾಡ್ತಿದಾರೆ.

ಗಾಲಿ ಬೀದಿ ತುಳಿದು ಬಂದಿರುತ್ತೆ ಅನ್ನೋ ಮಡಿ ಮಾತು ಬಂದೇ ಬರುತ್ತೆ, ಅದಕ್ಕೂ ಜಗಳ ಬೇಡ. ಗುಡೀದೇ ಒಂದು ವೀಲ್‌ಚೇರ್ ಇಡಬಹುದು, ಆದ್ರೆ ನಿಮ್ಮಪ್ಪಂಗೆ ಕುರ್ಚಿಯಿಂದ ಕುರ್ಚಿಗೆ ಬದಲಾಯ್ಸೋದು ಕಷ್ಟ ಅಂದ್ರೆ ಬಾಗಿಲಲ್ಲಿ ಒದ್ದೆ ಬಟ್ಟೇಲಿ ನಾಲ್ಕೂ ಗಾಲಿ ಒರೆಸಿದ್ರೆ ಆಯ್ತು, ನಾವೂ ಕಾಲು ತೊಳ್ಕೊಂಡು ತಾನೆ ಹೋಗೋದು. ಕೃತಕ ಕಾಲು, ಕ್ಯಾಲಿಪರ್ (ಕಾಲಿಗೆ ಆಸರೆಯಾಗಿ ಕಟ್ಟೋ ಪಟ್ಟಿ) ಹಾಕೋರಿಗೆ ಅದನ್ನ ಚಪ್ಪಲಿ ಜೊತೆ ಬಿಚ್ಚಿಡಿ ಅಂತ ಹೇಳೋದು ಮಾತ್ರ ಎಲ್ಲೂ ಆಗ್ಬಾರ್ದು. ಅದು ಅವರ ಕಾಲು.

ಕಾನೂನು ಏನು ಹೇಳುತ್ತೆ ಅಂದ್ರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೇಲಿ ಸಾರ್ವಜನಿಕ ಕಟ್ಟಡ ಅನ್ನೋ ಮಾತಿನೊಳಗೆ ಧಾರ್ಮಿಕ, ಸಾಂಸ್ಕೃತಿಕ ಕಟ್ಟಡಗಳೂ ಬರ್ತವೆ, ಸರ್ಕಾರಿ ಆಗ್ಲಿ ಖಾಸಗಿ ಆಗ್ಲಿ. ಆಗ್ಲೇ ಇರೋ ಸಾರ್ವಜನಿಕ ಕಟ್ಟಡಗಳನ್ನ 5 ವರ್ಷದಲ್ಲಿ ಎಲ್ರೂ ಬಳಸೋ ಹಂಗೆ ಮಾಡ್ಬೇಕು ಅಂತ 45ನೇ ಸೆಕ್ಷನ್ ಹೇಳುತ್ತೆ, ನಿಯಮಗಳು ಬಂದಿದ್ದು 2017ರಲ್ಲಿ, ಆ ಗಡುವು ಮುಗಿದು ವರ್ಷಗಳಾದ್ವು. ರಾಜೀವ್ ರತೂರಿ ಅನ್ನೋ ದೃಷ್ಟಿದೋಷ ಇರೋ ಒಬ್ಬರು 2005ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ರು, ಆ ಕೇಸಲ್ಲಿ 2024ರ ನವೆಂಬರ್ 8ಕ್ಕೆ ಕೋರ್ಟ್ ಸ್ಪಷ್ಟವಾಗಿ ಹೇಳ್ತು, ಕಟ್ಟಡಗಳು ಎಲ್ರೂ ಬಳಸೋ ಹಂಗಿರ್ಬೇಕು ಅನ್ನೋ ಮಾನದಂಡಗಳು ಬರೀ ಸಲಹೆ ಥರ ಇದ್ರೆ ಸಾಲಲ್ಲ, ಕಡ್ಡಾಯ ಆಗ್ಬೇಕು ಅಂತ. ಹಂಗಾಗಿ ನೀವು ಕಮಿಟಿ ಮುಂದೆ ಕೇಳ್ತಿರೋದು ಉಪಕಾರ ಅಲ್ಲ. ಆದ್ರೂ ಮೊದಲ ಮೀಟಿಂಗಿಗೇ ಕಾಯ್ದೆ ಪುಸ್ತಕ ಎತ್ಕೊಂಡು ಹೋಗಬೇಡಿ ಅನ್ನೋದು ನನ್ನ ಸಲಹೆ, ಊರಲ್ಲಿ ನಾಳೆ ಮುಖ ನೋಡ್ಬೇಕು, ಮೊದಲು ಟೇಪು ಎತ್ಕೊಂಡು ಹೋಗಿ.

ಕಾಯ್ದೆಗೆ ಇನ್ನೊಂದು ಮುಖಾನೂ ಇದೆ. ನಿಮ್ಮ ಗುಡಿ ಯಾರ ಸುಪರ್ದಿಯಲ್ಲಿದೆ ಅಂತ ಮೊದಲು ತಿಳ್ಕೊಳ್ಳಿ. ಕೇಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆ ಬೋರ್ಡ್ ಇದ್ರೆ ಹಳೇ ಸ್ಮಾರಕಗಳ ರಕ್ಷಣೆಗಿರೋ 1958ರ ಕಾಯ್ದೆ ಅನ್ವಯ ಆಗುತ್ತೆ, 2010ರ ತಿದ್ದುಪಡಿ ಪ್ರಕಾರ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ, ಒಳಗೆ ಇರೋ ಕಟ್ಟಡದ ದುರಸ್ತಿಗೂ ಅನುಮತಿ ಬೇಕು. ರಾಜ್ಯ ಸಂರಕ್ಷಿತ ಆಗಿದ್ರೆ ರಾಜ್ಯದ ಪುರಾತತ್ವ ಇಲಾಖೆ ಕೇಳ್ಬೇಕು, ಮುಜರಾಯಿ ಆಗಿದ್ರೆ ತಾಲ್ಲೂಕು ಆಫೀಸಲ್ಲಿ ವಿಚಾರ್ಸಿ. ಇದು ಅಡ್ಡಿ ಅಂತ ಬೇಜಾರಾಗಬೇಡಿ, ಸಂರಕ್ಷಿತ ಆಗಿದ್ರೆ ನಿಮ್ಮ ಕಮಿಟಿಯ ಗ್ರಾನೈಟ್‌ಗೂ ಇದೇ ಅನುಮತಿ ಬೇಕಾಗುತ್ತೆ, ಅದು ಸಿಗೋದು ಬಿಚ್ಚಿಡಬಹುದಾದ ರ‍್ಯಾಂಪ್‌ಗಿಂತ ಬಹಳ ಕಷ್ಟ.

ಬೇಲೂರು, ಹಳೇಬೀಡಿಗೆ ಬರ್ತೀನಿ. ಎರಡೂ ಸೋಮನಾಥಪುರದ ಜೊತೆ 2023ರ ಸೆಪ್ಟೆಂಬರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ವು, ಅವತ್ತಿಂದ ಜನಸಂದಣಿ ಇನ್ನೂ ಜಾಸ್ತಿ. ಶನಿವಾರ, ಭಾನುವಾರ, ಶಾಲೆ ಟೂರ್ ಬರೋ ಡಿಸೆಂಬರ್ ಬಿಡಿ, ವಾರದ ಮಧ್ಯ ಬೆಳಿಗ್ಗೆ ಬೇಗ ಹೋಗಿ. ಬೇಸಿಗೆ ಮಧ್ಯಾಹ್ನ ಬೇಡವೇ ಬೇಡ, ಅಂಗಳದ ಕಲ್ಲು ಕಾದ ಹೆಂಚಾಗಿರುತ್ತೆ, ಸ್ಟ್ರೋಕ್ ಆದ ಕಡೆ ಕಾಲಿಗೆ ಬಿಸಿ ಸರಿಯಾಗಿ ಗೊತ್ತಾಗದೆ ಇರಬಹುದು, ಫುಟ್‌ರೆಸ್ಟಿಂದ ಕಾಲು ಜಾರಿ ನೆಲಕ್ಕೆ ತಾಗಿದ್ರೆ ಬೊಬ್ಬೆ ಏಳೋವರೆಗೂ ಯಾರಿಗೂ ಗೊತ್ತಾಗಲ್ಲ. ದಪ್ಪ ಕಾಲುಚೀಲ ಹಾಕ್ಸಿ. ಹೊರಡೋ ಮುಂಚೆ ಅಲ್ಲಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಗಾಡಿ ಎಲ್ಲಿತನಕ ಬರುತ್ತೆ, ವೀಲ್‌ಚೇರ್ ಹೋಗೋ ಟಾಯ್ಲೆಟ್ ಇವತ್ತು ಬೀಗ ತೆಗೆದಿದೆಯಾ, ಇಳಿಜಾರು ಹಲಗೆ ಇದ್ರೆ ಯಾರ ಹತ್ರ ಇದೆ. ಎರಡನೇ ಪ್ರಶ್ನೇನ ಹಂಗೇ ಕೇಳಿ, ಟಾಯ್ಲೆಟ್ ಇರೋದು ಬೇರೆ, ಅದರ ಬೀಗದ ಕೈ ಇರೋದು ಬೇರೆ. ಇದೊಂದೇ ಕಾರಣಕ್ಕೆ ಬೆಳಿಗ್ಗೆಯಿಂದ ನೀರು ಕುಡೀದೆ ಪ್ರವಾಸ ಮಾಡೋ ಹೆಂಗಸ್ರನ್ನ ನಾನು ನೋಡಿದೀನಿ.

ಹಳೇಬೀಡಲ್ಲಿ ಅಪ್ಪನ್ನ ಜಗತಿ ಮೇಲೆ ಕರ್ಕೊಂಡು ಹೋಗೋಕಾದ್ರೆ ಒಂದು ವಿಶೇಷ ಇದೆ, ನಿಂತು ನೋಡೋರು ಇದನ್ನ ತಪ್ಪಿಸ್ಕೋತಾರೆ. ಗೋಡೆ ಬುಡದಲ್ಲಿ ಸಾಲು ಸಾಲಾಗಿ ಪಟ್ಟಿಕೆಗಳಿವೆ, ಎಲ್ಲಕ್ಕಿಂತ ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ರಾಮಾಯಣ ಮಹಾಭಾರತದ ಕತೆ, ಮಕರ, ಹಂಸ. ನಾವು ನಿಂತೋರು ಮೇಲಿನ ದೊಡ್ಡ ವಿಗ್ರಹ ನೋಡ್ಕೊಂಡು ಹೋಗ್ಬಿಡ್ತೀವಿ, ಆನೆ ನೋಡೋಕೆ ಕುಕ್ಕರಗಾಲಲ್ಲಿ ಕೂರ್ಬೇಕು. ಕುರ್ಚೀಲಿ ಕೂತೋರಿಗೆ ಕೆಳಗಿನ ಸಾಲುಗಳೆಲ್ಲಾ ಕಣ್ಣಿನ ಹತ್ತಿರಾನೇ ಬರ್ತವೆ. ಒಂದಾನೆ ಇದ್ದಂಗೆ ಇನ್ನೊಂದಿಲ್ಲ, ಒಂದು ಸೊಂಡ್ಲು ಮಡಚಿರುತ್ತೆ, ಒಂದು ಮುಂದಿನದರ ಬಾಲ ಹಿಡಿದಿರುತ್ತೆ. ಅಪ್ಪನ್ನ ಅಲ್ಲಿ ಅರ್ಧ ಗಂಟೆ ಬಿಟ್ಬಿಡಿ, ಅವಸರ ಮಾಡಬೇಡಿ. ಜಗತಿ ಹತ್ತೋಕಾಗದೆ ಇದ್ರೆ ಕೆಳಗಿನ ಹುಲ್ಲುಹಾಸಿನ ಕಡೆಯಿಂದ ಒಂದು ಬೈನಾಕ್ಯುಲರ್ ಕೈಗೆ ಕೊಡಿ.

ಬೇಲೂರಲ್ಲಿ ಉಲ್ಟಾ, ಅಲ್ಲಿ ಹೆಸರುವಾಸಿ ಮದನಿಕೆಯರು, ಅಂದ್ರೆ ಕಲ್ಲಲ್ಲಿ ಕೆತ್ತಿದ ಸುಂದರಿಯರು, ಇರೋದು ಮೇಲೆ ಸೂರಿನ ಕೆಳಗೆ, ಒಟ್ಟು 42, ಒಳಗಿನ ನಾಲ್ಕು ಸೇರಿ. ಕತ್ತು ಎತ್ತೋಕೆ ಕಷ್ಟ ಇರೋರಿಗೆ ಒಂದು ಸಾಧಾರಣ ಕೈಗನ್ನಡಿ ಮಡಿಲಲ್ಲಿಟ್ಟು ತೋರಿಸ್ಬಹುದು, ಕನ್ನಡಿ ಹಿಡಿದು ನಿಂತ ದರ್ಪಣ ಸುಂದರಿಯನ್ನ ದರ್ಪಣದಲ್ಲೇ ನೋಡ್ದಂಗಾಗುತ್ತೆ. ಇಲ್ಲ ಫೋನಲ್ಲಿ ಝೂಮ್ ಮಾಡಿ ಕೈಗೆ ಕೊಡಿ. ಒಳಗೆ ನವರಂಗ, ಅಂದ್ರೆ ಗರ್ಭಗುಡಿ ಮುಂದಿನ ಕಂಬಗಳ ಮಂಟಪ, ಕತ್ತಲೆ, ಬಿಸಿಲಿಂದ ಒಳಗೆ ಹೋದ ತಕ್ಷಣ ಕಣ್ಣು ಕಾಣಲ್ಲ, ಒಂದೆರಡು ನಿಮಿಷ ಬಾಗಿಲಲ್ಲೇ ನಿಲ್ಲಿಸಿ ಆಮೇಲೆ ತಳ್ಳಿ.

ನೀವು ಕೇಳಿಲ್ಲ, ಆದ್ರೂ ಕಣ್ಣು ಕಾಣದೆ ಇರೋರ ಬಗ್ಗೆ ಹೇಳದೆ ಇರೋಕಾಗಲ್ಲ. ಗುಡಿ ಎಲ್ರಿಗೂ ಅಂದ್ಮೇಲೆ ಬರೀ ಗಾಲಿ ಲೆಕ್ಕ ಹಾಕಿದ್ರೆ ಆಗಲ್ಲ. ವಿಗ್ರಹ ಮುಟ್ಟಬಾರದು ಅನ್ನೋದು ಸರೀನೇ, ಸಾವಿರ ಕೈ ಬೆವರು ಎಣ್ಣೆ ಸೇರಿದ್ರೆ ಬಳಪದ ಕಲ್ಲು ಕಪ್ಪಾಗಿ ಸವೆಯುತ್ತೆ. ಆದ್ರೆ ಮುಟ್ಟಬಾರದು ಅಂತ ಹೇಳಿ ಅಲ್ಲಿಗೇ ಬಿಟ್ರೆ ಅವರಿಗೆ ಉಳಿಯೋದು ಗೈಡ್ ಮಾತು ಅಷ್ಟೇ. ಒಂದ್ಸಲ ದೃಷ್ಟಿ ಇಲ್ಲದ ಹೈಸ್ಕೂಲ್ ಹುಡುಗಿ ಒಬ್ಬಳನ್ನ ಶಿಲ್ಪಿಯೊಬ್ಬರ ಶೆಡ್ಡಿಗೆ ಕರ್ಕೊಂಡು ಹೋಗಿದ್ದೆ. ಅಲ್ಲಿ ಅದೇ ಜಾತಿ ಕಲ್ಲಲ್ಲಿ ಕಡೆದ ಮೊಳದುದ್ದದ ಒಂದು ಕಂಬದ ಮಾದರಿ ಇತ್ತು. ಅವಳು ಎರಡೂ ಕೈಲಿ ಮೇಲಿಂದ ಕೆಳಗೆ ನಿಧಾನ ಸವರ್ತಾ ಬಂದ್ಲು, ಗಂಟೆ ಆಕಾರದ ಹತ್ರ ಕೈ ಅಗಲ ಆಯ್ತು, ಸೊಂಟದ ಹತ್ರ ಹತ್ತಿರ ಬಂತು, ಆಮೇಲೆ ಸಣ್ಣ ಸಣ್ಣ ಸುತ್ತುಗಳ ಹತ್ರ ಬೆರಳು ನಿಂತ್ಬಿಡ್ತು. "ಇಲ್ಲಿ ಬಳೆ ಹಾಕಿದಾರೆ" ಅಂದ್ಲು. ಎಣಿಸಿ ಹೇಳಿದ್ಲು, ಏಳು. ನಾನು ಆ ಥರದ ಕಂಬಗಳನ್ನ ಚಿಕ್ಕಂದಿನಿಂದ ನೋಡಿದೀನಿ, ಅಳತೆ ಡ್ರಾಯಿಂಗ್ ಮಾಡಿದೀನಿ, ಸುತ್ತು ಎಷ್ಟು ಅಂತ ಒಂದಿನಾನೂ ಎಣಿಸಿರಲಿಲ್ಲ. ನಮ್ಮ ಜಿಲ್ಲೇಲಿ ಕಲ್ಲು ಕೆತ್ತೋರು ಇನ್ನೂ ಇದಾರೆ, ಪ್ರತಿ ಗುಡಿ ಹೊರಗೆ ಒಂದು ಮೇಜಿನ ಮೇಲೆ ಗುಡಿಯ ನಕ್ಷೆ, ಒಂದು ಕಂಬ, ಒಂದು ಆನೆ, ಪಕ್ಕದಲ್ಲಿ ಬ್ರೈಲ್ ಕನ್ನಡದಲ್ಲಿ ನಾಲ್ಕು ಸಾಲು ಇಡೋದು ದೊಡ್ಡ ಖರ್ಚಿನ ಮಾತಲ್ಲ. ಕಿವಿ ಕೇಳದೆ ಇರೋರಿಗೆ ಸಂಜ್ಞೆ ಭಾಷೇಲಿ ಮಾಡಿದ ವಿಡಿಯೋ ಇರ್ಲಿ, ಗೈಡ್‌ಗಳು ಟಾರ್ಚನ್ನ ಮಾತಾಡುವಾಗ ಒಂದು ಕ್ಷಣ ತಮ್ಮ ಮುಖದ ಕಡೆಗೂ ತಿರುಗಿಸಿದ್ರೆ ತುಟಿ ಓದೋರಿಗೆ ಎಷ್ಟೋ ಸಹಾಯ.

ಎಲ್ಲಾ ಕಡೆಗೂ ರ‍್ಯಾಂಪ್ ಆಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಶ್ರವಣಬೆಳಗೊಳದ ದೊಡ್ಡಬೆಟ್ಟಕ್ಕೆ 600ಕ್ಕಿಂತ ಹೆಚ್ಚು ಮೆಟ್ಟಿಲು, ಬಂಡೇನೇ ಕಡಿದು ಮಾಡಿದ್ದು, ಅಲ್ಲಿ ಡೋಲಿ ಇದೆ, ಹೊರೋರ ಮಂಡಿಗೂ ಕೂರೋರ ಭಯಕ್ಕೂ ಮರ್ಯಾದೆ ಕೊಟ್ಟು ಬೆಲ್ಟು, ಒಳ್ಳೇ ಸೀಟು, ನಿಗದಿ ದರ ಇರ್ಬೇಕು ಅಷ್ಟೇ ಅನ್ನೋದು ನನ್ನ ಮಾತು. ಸಕಲೇಶಪುರದ ಮಂಜರಾಬಾದ್ ಕೋಟೆ ಇನ್ನೊಂದು ಥರ. ಟಿಪ್ಪು 1792ರಲ್ಲಿ ಕಟ್ಟಿಸಿದ ಎಂಟು ಮೂಲೆ ನಕ್ಷತ್ರದ ಕೋಟೆ, ಬೆವರು ಸುರಿಸಿ ಹತ್ತಿದೋರಿಗೂ ಆ ನಕ್ಷತ್ರ ಕಾಣಲ್ಲ, ಆಕಾಶದಿಂದ ನೋಡ್ಬೇಕು. ಕೆಳಗೆ ರಸ್ತೆ ಪಕ್ಕ ಮುಟ್ಟಿ ನೋಡೋ ಅಂಥ ಒಂದು ಕಲ್ಲಿನ ಮಾದರಿ ಇಟ್ರೆ ಹತ್ತೋಕಾಗದೋರಿಗೂ ಹತ್ತಿ ಬಂದೋರಿಗೂ ಕಣ್ಣಿಲ್ಲದೋರಿಗೂ ಒಂದೇ ಸಲ ಕೋಟೆ ಸಿಗುತ್ತೆ.

ಈಗ ನಿಮ್ಮೂರಿಗೆ ವಾಪಸ್. ಮೀಟಿಂಗಿಗೆ ಮುಂಚೆ ಒಂದು ದಿನ ಅಪ್ಪನ್ನ ಗುಡಿ ಅಂಗಳಕ್ಕೆ ಕರ್ಕೊಂಡು ಹೋಗಿ ಅವರ ಕೈಲೇ ದಾರಿ ಹೇಳ್ಸಿ. ಅಡ್ಡೆ ಹೊತ್ತೋರಿಗೆ ಗೊತ್ತಿರೋದು ನನ್ನಂಥ ಆರ್ಕಿಟೆಕ್ಟ್‌ಗೂ ಗೊತ್ತಿರಲ್ಲ. ದೇವರು ವಾಲದಂಗೆ, ಉದ್ದದ ಬೊಂಬು ಬಾಗಿಲಿಗೆ ತಾಗದಂಗೆ, ಹೆಗಲ ಮೇಲೆ ಹೊತ್ತು ಬರಿಗಾಲಲ್ಲಿ ನಡೆಯೋಕೆ ಹಿಂದಿನವರು ಹುಡುಕಿಟ್ಟ ದಾರಿ ಅದು, ಹೆಚ್ಚಾಗಿ ಅಂಗಳದಲ್ಲಿ ಅದೇ ಅಗಲ, ಅದೇ ಸಮ. ಎಲ್ಲಿ ಚಪ್ಪಡಿ ಅಲ್ಲಾಡುತ್ತೆ, ಮಳೇಲಿ ಎಲ್ಲಿ ನೀರು ನಿಲ್ಲುತ್ತೆ, ಯಾವ ತಿರುವಲ್ಲಿ ಅಡ್ಡೆ ನಿಲ್ಲಿಸಿ ಹೆಗಲು ಬದಲಾಯಿಸ್ತಿದ್ರು, ಎಲ್ಲಾ ಅವರ ಅಂಗಾಲಿಗೆ ಗೊತ್ತಿದೆ. ಅವರು ಹೇಳ್ತಾ ಹೋಗ್ಲಿ, ನೀವು ಸೀಮೆಸುಣ್ಣದಲ್ಲಿ ಗುರುತು ಹಾಕ್ತಾ ಹೋಗಿ, ರ‍್ಯಾಂಪ್ ಆ ದಾರಿಗೇ ಸೇರ್ಲಿ, ಹೆಗಲು ಬದಲಾಯಿಸ್ತಿದ್ದ ಜಾಗಕ್ಕೆ ಲ್ಯಾಂಡಿಂಗ್ ಬರುತ್ತಾ ನೋಡಿ. ಜಗತಿ ಎತ್ತರ, ಬಾಗಿಲ ಅಗಲ, ಹೊಸ್ತಿಲ ಎತ್ತರ ಅಳೆದು, ಟೇಪ್ ಕಾಣೋ ಹಂಗೆ ಫೋಟೋ ತೆಗೆದು ಕಳಿಸಿ, ಸ್ಟ್ಯಾಂಡಿನ ಡ್ರಾಯಿಂಗ್ ನಾನು ಮಾಡಿ ಕೊಡ್ತೀನಿ, ದುಡ್ಡು ಬೇಡ. ಗ್ರಾನೈಟ್‌ಗೆ ಅಡ್ವಾನ್ಸ್ ಕೊಡೋ ಮುಂಚೆ ಮಾತ್ರ ಕಳಿಸಿ.